ಪಹಣಿಯಲ್ಲಿ ಹೆಸರಿಲ್ಲದವರ ಹಕ್ಕು

ಕಾನೂನು ಅಂಕಣ: ಓದುಗರ ಪ್ರಶ್ನೆಗಳಿಗೆ ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಜಮೀನು, ಅಂಗಡಿ, ಸಣ್ಣ ಕಾರ್ಖಾನೆ ಮತ್ತು ಊರಿನ ಗೋಮಾಳಕ್ಕೆ ಸಂಬಂಧಿಸಿದ ಆರನ್ನು ಉತ್ತರಕ್ಕೆ ತೆಗೆದುಕೊಂಡಿದ್ದೇನೆ. ಬರೆದವರ ಗುರುತು ಸಿಗದಂತೆ ಹೆಸರು ಮತ್ತು ವಿಳಾಸಗಳನ್ನು ಬಿಟ್ಟಿದೆ. ಪತ್ರಗಳಲ್ಲಿ ಹೇಳಿರುವ ಸಂಗತಿಗಳನ್ನಷ್ಟೇ ಆಧರಿಸಿ ಉತ್ತರಿಸಿರುವುದರಿಂದ, ನ್ಯಾಯಾಲಯಕ್ಕೆ ಹೋಗುವ ಮೊದಲು ಮೂಲ ದಾಖಲೆಗಳನ್ನು ಸ್ಥಳೀಯ ವಕೀಲರೊಬ್ಬರಿಗೆ ತೋರಿಸಲೇಬೇಕು.

ಪ್ರಶ್ನೆ: ನಮ್ಮ ತಂದೆ 1998ರಲ್ಲಿ ತೀರಿಕೊಂಡರು. ನನ್ನ ಮದುವೆ 1992ರಲ್ಲೇ ಆಗಿತ್ತು. ನಾಲ್ಕು ಎಕರೆ ತೆಂಗಿನ ತೋಟದ ಖಾತೆಯನ್ನು ಅಣ್ಣ ತನ್ನೊಬ್ಬನ ಹೆಸರಿಗೆ ಮಾಡಿಸಿಕೊಂಡ. ಆಗ ‘ಖಾತೆಗೆ ಬೇಕು’ ಎಂದು ಒಂದು ಹಾಳೆಯ ಮೇಲೆ ನನ್ನ ಸಹಿಯನ್ನೂ ಪಡೆದಿದ್ದ. ಈಗ ಅದರಲ್ಲಿ ಒಂದು ಎಕರೆ ಹತ್ತು ಗುಂಟೆ ರಾಷ್ಟ್ರೀಯ ಹೆದ್ದಾರಿಗೆ ಹೋಗುತ್ತಿದೆ. ಪರಿಹಾರದಲ್ಲಿ ನನಗೂ ನಮ್ಮ ತಾಯಿಗೂ ಪಾಲು ಬೇಕೆಂದು ಕೇಳಿದರೆ, ‘ಪಹಣಿಯಲ್ಲಿ ನಿನ್ನ ಹೆಸರು ಎಲ್ಲಿದೆ ತೋರಿಸು’ ಎನ್ನುತ್ತಾನೆ. ನನಗೆ ಹಕ್ಕಿಲ್ಲವೇ? (ತುಮಕೂರು ಜಿಲ್ಲೆಯ ಓದುಗರು)

ಉತ್ತರ: ನಿಮ್ಮ ಅಣ್ಣನವರು ಕೇಳಿದ ಮಾತನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಈ ಒಂದು ಮಾತಿಗೆ ಹೆದರಿ ಸುಮ್ಮನಾದ ಹೆಣ್ಣುಮಕ್ಕಳನ್ನು ನಾನು ಬಹಳ ಕಂಡಿದ್ದೇನೆ. ಪಹಣಿ ಕಂದಾಯ ಇಲಾಖೆಯ ದಾಖಲೆ. ಅದರಲ್ಲಿನ ನಮೂದು ಸರಿಯಿದೆ ಎಂದು ಭಾವಿಸಬೇಕೆಂದು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 133ನೇ ಕಲಮು ಹೇಳುತ್ತದೆ. ಆದರೆ ಅದು ತಪ್ಪೆಂದು ಸಾಬೀತಾಗುವವರೆಗೆ ಮಾತ್ರ. ಖಾತೆ ಬದಲಾವಣೆಯಿಂದ ಯಾರಿಗೂ ಒಡೆತನ ಹುಟ್ಟುವುದಿಲ್ಲ, ಇದ್ದ ಒಡೆತನ ಹೋಗುವುದೂ ಇಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ ಹಲವು ತೀರ್ಪುಗಳಲ್ಲಿ ಸ್ಪಷ್ಟಪಡಿಸಿದೆ. ನಿಮ್ಮ ಹಕ್ಕು ಬಂದಿರುವುದು ಪಹಣಿಯಿಂದಲ್ಲ, ಹಿಂದೂ ಉತ್ತರಾಧಿಕಾರ ಕಾಯ್ದೆ, 1956ರಿಂದ.

ಇನ್ನು ತೋಟವು ನಿಮ್ಮ ತಂದೆಯವರಿಗೆ ಹೇಗೆ ಬಂತು ಎಂಬುದನ್ನು ನೋಡಬೇಕು. ಅವರೇ ದುಡಿದು ಕೊಂಡ ಸ್ವಯಾರ್ಜಿತ ಆಸ್ತಿಯಾಗಿದ್ದು, ಉಯಿಲು ಬರೆಯದೆ ತೀರಿಕೊಂಡಿದ್ದರೆ ಲೆಕ್ಕ ಸುಲಭ: ಪತ್ನಿ, ಮಗ ಮತ್ತು ಮಗಳು ಸಮಾನ ವಾರಸುದಾರರು. ನೀವು ಬರೆದಂತೆ ವಾರಸುದಾರರು ಮೂವರೇ ಆಗಿದ್ದರೆ ತಲಾ ಮೂರನೇ ಒಂದು ಭಾಗ. ಇದಕ್ಕೆ 2005ರ ತಿದ್ದುಪಡಿಯ ಅಗತ್ಯವೇ ಇಲ್ಲ. 1998ರಲ್ಲೂ ಕಾನೂನು ಹೀಗೆಯೇ ಇತ್ತು, ಮಗಳಿಗೆ ಮದುವೆಯಾಗಿತ್ತೇ ಎಂಬ ಪ್ರಶ್ನೆ ಅಂದೂ ಏಳುತ್ತಿರಲಿಲ್ಲ. ತೋಟವು ಅಜ್ಜನ ಕಾಲದಿಂದ ಬಂದ ಪಿತ್ರಾರ್ಜಿತ ಆಸ್ತಿಯಾಗಿದ್ದರೆ ವಿಷಯ ಸ್ವಲ್ಪ ಬೇರೆ. ಕರ್ನಾಟಕದಲ್ಲಿ 1994ರ ಜುಲೈ 30ರಂದು ಜಾರಿಗೆ ಬಂದ ರಾಜ್ಯ ತಿದ್ದುಪಡಿಯು ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತಾದರೂ, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ನೀವು ಆ ಹೊರಗಿನ ಸಾಲಿನಲ್ಲಿದ್ದಿರಿ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರ ತಿದ್ದುಪಡಿಯು ಆ ಭೇದವನ್ನು ತೆಗೆದುಹಾಕಿತು. ಆ ದಿನ ತಂದೆ ಬದುಕಿರಬೇಕಿತ್ತೇ ಎಂಬ ಗೊಂದಲ ಹದಿನೈದು ವರ್ಷ ಉಳಿದಿತ್ತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ, ತಂದೆ ಬದುಕಿರಬೇಕಾಗಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ತೀರ್ಮಾನಿಸಿತು. ಹಾಗಾಗಿ 1998ರಲ್ಲಿ ತಂದೆ ತೀರಿಕೊಂಡರು ಎಂಬ ಕಾರಣದಿಂದ ನಿಮಗೆ ಪಾಲು ತಪ್ಪುವುದಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ನೋಂದಾಯಿತ ವಿಭಾಗಪತ್ರದ ಮೂಲಕ ಅಥವಾ ನ್ಯಾಯಾಲಯದ ಡಿಕ್ರಿಯ ಮೂಲಕ ಪಾಲಾಗಿದ್ದರೆ ಮಾತ್ರ ಅದನ್ನು ಮತ್ತೆ ತೆರೆಯಲಾಗದು. ‘ಬಾಯಿಮಾತಿನಲ್ಲಿ ಪಾಲಾಗಿತ್ತು’ ಎಂಬ ವಾದವನ್ನು, ಸಾರ್ವಜನಿಕ ದಾಖಲೆಗಳ ಬೆಂಬಲವಿಲ್ಲದಿದ್ದರೆ, ಸುಲಭವಾಗಿ ಒಪ್ಪಬಾರದೆಂದು ಅದೇ ತೀರ್ಪು ಹೇಳುತ್ತದೆ.

ನೀವು ಸಹಿ ಹಾಕಿದ ಹಾಳೆಯ ಬಗ್ಗೆ ಚಿಂತಿಸಿದ್ದೀರಿ. ಸ್ಥಿರಾಸ್ತಿಯಲ್ಲಿರುವ ಹಕ್ಕನ್ನು ಬಿಟ್ಟುಕೊಡುವ ಪತ್ರವು ನೋಂದಣಿ ಕಾಯ್ದೆ, 1908ರ 17ನೇ ಕಲಮಿನ ಪ್ರಕಾರ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಣಿಯಾಗಿರಬೇಕು. ತಹಶೀಲ್ದಾರರ ಕಚೇರಿಗೆ ಕೊಟ್ಟ ಒಪ್ಪಿಗೆ ಹೇಳಿಕೆಯಿಂದ ಖಾತೆ ಬದಲಾಗಬಹುದು, ಒಡೆತನ ಬದಲಾಗದು. ಆದರೂ ಆ ಹಾಳೆಯಲ್ಲಿ ಏನಿತ್ತು ಎಂದು ತಿಳಿಯುವುದು ಒಳ್ಳೆಯದು. 1998ರ ಖಾತೆ ಬದಲಾವಣೆಯ ಕಡತದ ದೃಢೀಕೃತ ನಕಲನ್ನು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಿಂದ ಪಡೆಯಿರಿ. ವಂಶವೃಕ್ಷದಲ್ಲಿ ನಿಮ್ಮ ಹೆಸರನ್ನು ತೋರಿಸಿದ್ದಾರೆಯೇ, ಮುಚ್ಚಿಟ್ಟಿದ್ದಾರೆಯೇ ಎಂಬುದೂ ಅದರಿಂದಲೇ ಗೊತ್ತಾಗುತ್ತದೆ. ಜೊತೆಗೆ ಆ ಸರ್ವೆ ನಂಬರಿಗೆ 1990ರಿಂದ ಈಚಿನ ಋಣಭಾರ ಪ್ರಮಾಣಪತ್ರವನ್ನೂ ತೆಗೆಸಿರಿ. ನಿಮಗೆ ತಿಳಿಯದಂತೆ ಏನಾದರೂ ನೋಂದಣಿಯಾಗಿದ್ದರೆ ಅದರಲ್ಲಿ ಕಾಣುತ್ತದೆ.

ಇಷ್ಟು ಹೇಳಿದ ಮೇಲೆ, ತುರ್ತಿನ ಮಾತು. ಹಣ ಒಮ್ಮೆ ಅಣ್ಣನವರ ಬ್ಯಾಂಕ್ ಖಾತೆಗೆ ಸೇರಿದರೆ ಅದನ್ನು ಹಿಂದಕ್ಕೆ ತರುವುದು ವರ್ಷಗಳ ಕೆಲಸ. ಸೇರುವ ಮುನ್ನ ತಡೆಯುವುದು ಒಂದು ಅರ್ಜಿಯ ಕೆಲಸ. ರಾಷ್ಟ್ರೀಯ ಹೆದ್ದಾರಿ ಕಾಯ್ದೆ, 1956ರ 3ಜಿ ಕಲಮಿನಂತೆ ಸಕ್ಷಮ ಪ್ರಾಧಿಕಾರವು (ಸಾಮಾನ್ಯವಾಗಿ ವಿಶೇಷ ಭೂಸ್ವಾಧೀನಾಧಿಕಾರಿ) ಪರಿಹಾರ ನಿಗದಿ ಮಾಡುವ ಮೊದಲು ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಕೊಟ್ಟು, ಆ ಜಮೀನಿನಲ್ಲಿ ಹಿತಾಸಕ್ತಿಯುಳ್ಳ ಎಲ್ಲರಿಂದ ಕ್ಲೇಮು ಕೇಳಬೇಕು. ಹಿತಾಸಕ್ತಿಯುಳ್ಳವರು ಎಂದರೆ ಪಹಣಿಯಲ್ಲಿ ಹೆಸರಿರುವವರು ಮಾತ್ರ ಎಂದಲ್ಲ. 3ಎಚ್ ಕಲಮಿನ ಪ್ರಕಾರ, ಹಣವನ್ನು ಹಂಚುವುದರಲ್ಲಿ ವಿವಾದ ಎದ್ದರೆ ಪ್ರಾಧಿಕಾರವು ಅದನ್ನು ಸಿವಿಲ್ ನ್ಯಾಯಾಲಯದ ತೀರ್ಮಾನಕ್ಕೆ ಕಳುಹಿಸಬೇಕು. ಆದ್ದರಿಂದ ನೀವು ಮತ್ತು ನಿಮ್ಮ ತಾಯಿ ಪ್ರತ್ಯೇಕವಾಗಿ, ತಂದೆಯವರ ಮರಣ ಪ್ರಮಾಣಪತ್ರ, ವಂಶವೃಕ್ಷ ಮತ್ತು ಪಹಣಿಯ ನಕಲುಗಳೊಂದಿಗೆ ವಿಶೇಷ ಭೂಸ್ವಾಧೀನಾಧಿಕಾರಿಗಳಿಗೆ ಲಿಖಿತ ತಕರಾರು ಸಲ್ಲಿಸಿ, ಕಚೇರಿಯ ಟಪಾಲು ವಿಭಾಗದಲ್ಲಿ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ಭರವಸೆಗೆ ಅಲ್ಲಿಂದ ಹೊರಡಬೇಡಿ. ಅರ್ಜಿ ತಿರಸ್ಕರಿಸಿದರೆ ಹಿಂಬರಹವನ್ನು, ಅಂದರೆ ಕಚೇರಿಯ ಉತ್ತರವನ್ನು, ಬರವಣಿಗೆಯಲ್ಲೇ ಕೇಳಿ ಪಡೆಯಿರಿ.

ಅದರೊಂದಿಗೇ ಉಳಿದ ತೋಟವನ್ನೂ ಸೇರಿಸಿ ಸಿವಿಲ್ ನ್ಯಾಯಾಲಯದಲ್ಲಿ ಪಾಲು ವಿಭಾಗದ ದಾವೆ ಹೂಡಿ, ಪರಿಹಾರ ಪಾವತಿಗೆ ತಾತ್ಕಾಲಿಕ ತಡೆಯಾಜ್ಞೆ ಕೇಳಬಹುದು. ಅವಿಭಕ್ತ ಕುಟುಂಬದ ಆಸ್ತಿಯಿಂದ ತನ್ನನ್ನು ಹೊರಗಿಟ್ಟದ್ದು ಗೊತ್ತಾದ ದಿನದಿಂದ 12 ವರ್ಷದೊಳಗೆ ದಾವೆ ಹೂಡಬೇಕೆಂದು ಕಾಲಮಿತಿ ಕಾಯ್ದೆ ಹೇಳುತ್ತದೆ. 1998ರಲ್ಲೇ ನಿಮಗೆ ಗೊತ್ತಿತ್ತು ಎಂದು ಅಣ್ಣನವರು ವಾದಿಸುವುದು ಖಂಡಿತ. ಸಹಭಾಗಿಯೊಬ್ಬನ ಸ್ವಾಧೀನ ಎಲ್ಲರ ಸ್ವಾಧೀನವೇ, ಖಾತೆ ಬದಲಾವಣೆಯಷ್ಟರಿಂದ ಹೊರಗಿಟ್ಟಂತಾಗದು ಎಂಬುದು ನಿಮ್ಮ ಉತ್ತರವಾಗಿರುತ್ತದೆ. ಹಬ್ಬಕ್ಕೆ ತೌರಿಗೆ ಬಂದಾಗ ತೋಟದ ಕಾಯಿ, ಅಡಿಕೆ, ಅರಿಶಿನ ಕುಂಕುಮಕ್ಕೆಂದು ಹಣ ಕೊಡುತ್ತಿದ್ದರೇ ಎಂಬಂತಹ ಸಂಗತಿಗಳು ಇಲ್ಲಿ ನೆರವಿಗೆ ಬರುತ್ತವೆ, ನೆನಪಿದ್ದಷ್ಟನ್ನೂ ಬರೆದಿಡಿ. ಖರ್ಚಿನ ಚಿಂತೆ ಬೇಡ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನಂತೆ ಮಹಿಳೆಯರಿಗೆ, ಅವರ ವರಮಾನ ಎಷ್ಟೇ ಇರಲಿ, ಉಚಿತ ವಕೀಲರನ್ನು ಒದಗಿಸಬೇಕು. ನಿಮ್ಮ ತಾಲ್ಲೂಕಿನ ನ್ಯಾಯಾಲಯದ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಅಣ್ಣನವರು ಮಾತುಕತೆಗೆ ಒಪ್ಪಿದರೆ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಳ್ಳಬಹುದು. ಅಲ್ಲಿನ ತೀರ್ಪಿಗೆ ಡಿಕ್ರಿಯ ಬೆಲೆಯಿದೆ, ಮೇಲ್ಮನವಿ ಇಲ್ಲ. ಆದರೆ ರಾಜಿಯಾಗುವವರೆಗೂ ತಕರಾರು ಅರ್ಜಿಯನ್ನು ಹಿಂದಕ್ಕೆ ಪಡೆಯಬೇಡಿ.

ಪ್ರಶ್ನೆ: ಬಸ್ ನಿಲ್ದಾಣದ ಬಳಿ ನನ್ನದೊಂದು ಸಣ್ಣ ಅಂಗಡಿ. ಹಾಲು, ತರಕಾರಿ, ಬಿಸ್ಕತ್ತು, ಬೀಡಿ, ಸಿಗರೇಟು ಮಾರುತ್ತೇನೆ. ಯುಪಿಐ ಮೂಲಕ ಒಂದೇ ವರ್ಷದಲ್ಲಿ 52 ಲಕ್ಷ ರೂಪಾಯಿ ಬಂದಿದೆ, ಜಿಎಸ್‌ಟಿ ನೋಂದಣಿ ಏಕಿಲ್ಲ ಎಂದು ನೋಟಿಸ್ ಬಂದಿದೆ. ಅದರಲ್ಲಿ 9 ಲಕ್ಷ ಭಾವಮೈದುನ ಕೊಟ್ಟ ಕೈಸಾಲ ಮತ್ತು ಚೀಟಿಯ ಹಣ. ಅರ್ಧಕ್ಕಿಂತ ಹೆಚ್ಚು ವ್ಯಾಪಾರ ಹಾಲು ತರಕಾರಿಯದೇ. ಸ್ನೇಹಿತರು ಕ್ಯೂಆರ್ ಕೋಡ್ ತೆಗೆದು ನಗದು ಮಾತ್ರ ತೆಗೆದುಕೋ ಎನ್ನುತ್ತಾರೆ. (ದಾವಣಗೆರೆಯ ಓದುಗರು)

ಉತ್ತರ: 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮಾಹಿತಿಯ ಆಧಾರದ ಮೇಲೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಎಷ್ಟೋ ಅಂಗಡಿಗಳಲ್ಲಿ ‘ನಗದು ಮಾತ್ರ’ ಎಂಬ ಚೀಟಿ ಕಾಣಿಸಿಕೊಂಡಿತು. ಅದರಿಂದ ಪ್ರಯೋಜನವಿಲ್ಲ. ವಹಿವಾಟಿನ ಲೆಕ್ಕಕ್ಕೆ ನಗದೂ ಸೇರುತ್ತದೆ, ಯುಪಿಐಯೂ ಸೇರುತ್ತದೆ. ಈಗಾಗಲೇ ನಡೆದ ವರ್ಷದ ಮಾಹಿತಿ ಇಲಾಖೆಯ ಕೈಯಲ್ಲಿದೆ. ಜುಲೈ 23ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಪ್ರತಿನಿಧಿಗಳೊಡನೆ ಸಭೆ ನಡೆಸಿ, ವಿನಾಯಿತಿ ಇರುವ ಸರಕಿನ ಮಾರಾಟಗಾರರಿಂದ ತೆರಿಗೆ ವಸೂಲು ಮಾಡುವುದಿಲ್ಲ, ಮಿತಿ ದಾಟಿದವರು ಮುಂದೆ ನೋಂದಾಯಿಸಿಕೊಳ್ಳಬೇಕು ಎಂದು ತಿಳಿಸಿದ್ದನ್ನು ನೀವೂ ಓದಿರಬಹುದು. ಆದರೆ ಪತ್ರಿಕೆಯಲ್ಲಿ ಬಂದ ಭರವಸೆಯಿಂದ ನಿಮ್ಮ ಹೆಸರಿಗೆ ಬಂದ ನೋಟಿಸ್ ಮುಗಿದಂತಾಗುವುದಿಲ್ಲ. ನೋಟಿಸಿನಲ್ಲಿ ಕೊಟ್ಟ ದಿನಾಂಕದೊಳಗೆ ಲಿಖಿತ ಉತ್ತರ ಕೊಟ್ಟು, ಪ್ರಕರಣ ಮುಕ್ತಾಯವಾಯಿತೆಂಬ ಆದೇಶವನ್ನು ಲಿಖಿತವಾಗಿಯೇ ಪಡೆಯಬೇಕು.

ಈಗ ನಿಮ್ಮ ಲೆಕ್ಕ. ಸರಕು ಮಾತ್ರ ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ಎಂಬುದು ಎಲ್ಲರಿಗೂ ತಿಳಿದಿದೆ. ಬಹಳ ಅಂಗಡಿಯವರಿಗೆ ತಿಳಿಯದ ಒಂದು ಸಂಗತಿಯಿದೆ: ತಂಬಾಕು ಪದಾರ್ಥ, ಪಾನ್ ಮಸಾಲ ಮತ್ತು ಐಸ್ ಕ್ರೀಮ್ ಮಾರುವವರಿಗೆ 40 ಲಕ್ಷದ ಸೌಲಭ್ಯ ಇಲ್ಲ, ಅವರಿಗೆ ಮಿತಿ 20 ಲಕ್ಷವೇ. ಬೀಡಿ ಸಿಗರೇಟಿನ ಒಂದು ಡಬ್ಬಿಯಿಂದಾಗಿ ನಿಮ್ಮ ಇಡೀ ಅಂಗಡಿ 20 ಲಕ್ಷದ ಮಿತಿಗೆ ಬರುತ್ತದೆ. ಮಿತಿ ದಾಟಿದೆಯೇ ಎಂದು ನೋಡುವಾಗ ವಿನಾಯಿತಿ ಇರುವ ಹಾಲು ತರಕಾರಿಯ ಮಾರಾಟವನ್ನೂ ಸೇರಿಸಿಯೇ ಒಟ್ಟು ವಹಿವಾಟು ಲೆಕ್ಕ ಹಾಕುತ್ತಾರೆ. ವಿನಾಯಿತಿ ಇರುವ ಸರಕನ್ನು ಮಾತ್ರ ಮಾರುವವರು ಎಷ್ಟೇ ಕೋಟಿ ವ್ಯಾಪಾರ ಮಾಡಿದರೂ ನೋಂದಾಯಿಸಿಕೊಳ್ಳಬೇಕಾಗಿಲ್ಲ, ಇದನ್ನು ಜಿಎಸ್‌ಟಿ ಕಾಯ್ದೆಯ 23ನೇ ಕಲಮು ಹೇಳುತ್ತದೆ. ನೀವು ಆ ಗುಂಪಿನಲ್ಲಿಲ್ಲ. ಹೀಗಾಗಿ 52 ಲಕ್ಷದಲ್ಲಿ 9 ಲಕ್ಷ ಕಳೆದು ಉಳಿಯುವ 43 ಲಕ್ಷದ ವಹಿವಾಟಿಗೆ ನೀವು ನೋಂದಣಿ ಪಡೆಯಬೇಕಿತ್ತು ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಆದರೆ ನೋಂದಣಿಯ ಹೊಣೆ ಬೇರೆ, ತೆರಿಗೆಯ ಹೊಣೆ ಬೇರೆ. ಈ 43 ಲಕ್ಷದಲ್ಲಿ ಹಾಲು ಮತ್ತು ತಾಜಾ ತರಕಾರಿಯ ಮಾರಾಟ 25 ಲಕ್ಷ ಎಂದು ನೀವು ತೋರಿಸಬಲ್ಲಿರಾದರೆ, ತೆರಿಗೆ ಬೀಳುವುದು ಉಳಿದ 18 ಲಕ್ಷದ ಮೇಲೆ ಮಾತ್ರ. ತೋರಿಸುವುದು ಹೇಗೆ? ಹಾಲಿನ ಡೇರಿ ಅಥವಾ ವಿತರಕರು ಪ್ರತಿದಿನ ಕೊಡುವ ಚೀಟಿ, ಎಪಿಎಂಸಿಯಲ್ಲಿ ತರಕಾರಿ ಕೊಂಡ ರಶೀದಿ, ಸಗಟು ಅಂಗಡಿಯ ಬಿಲ್ಲು, ಇವುಗಳಿಂದ. ಬಿಲ್ಲು ಇಟ್ಟುಕೊಂಡಿಲ್ಲವಾದರೆ ಆ ವಿತರಕರ ಬಳಿಗೆ ಹೋಗಿ ಅವರ ಲೆಡ್ಜರ್ ಪ್ರತಿಯನ್ನು ಕೇಳಿ ತನ್ನಿ. ಕೈಸಾಲ ಕೊಟ್ಟ ಭಾವಮೈದುನನ ಬ್ಯಾಂಕ್ ವಿವರಪಟ್ಟಿ ಮತ್ತು ಚೀಟಿಯ ಪಾಸ್‌ಬುಕ್ ಲಗತ್ತಿಸಿ. ಒಟ್ಟು ಮೊತ್ತದ ಮೇಲೆ ತೆರಿಗೆ, ಬಡ್ಡಿ, ದಂಡ ಸೇರಿಸಿ ಕಣ್ಣು ಕತ್ತಲೆ ಬರುವಂತಹ ಅಂಕಿ ಹಾಕಿದ್ದರೂ ಗಾಬರಿಯಾಗಬೇಡಿ. ಆದೇಶವೇ ವಿರುದ್ಧವಾಗಿ ಬಂದರೆ ಮೂರು ತಿಂಗಳೊಳಗೆ ವಿವಾದಿತ ತೆರಿಗೆಯ ಶೇ 10ರಷ್ಟನ್ನು ಕಟ್ಟಿ ಮೇಲ್ಮನವಿ ಸಲ್ಲಿಸಬಹುದು.

ಮುಂದಿನ ದಿನಗಳಿಗೆ ರಾಜಿ ತೆರಿಗೆ ಪದ್ಧತಿ ನಿಮಗೆ ಹೊಂದುತ್ತದೆ. ವರ್ಷಕ್ಕೆ 1.5 ಕೋಟಿಯವರೆಗಿನ ವ್ಯಾಪಾರಿಗಳು ತೆರಿಗೆ ಬೀಳುವ ಮಾರಾಟದ ಮೇಲೆ ಶೇ 1ರಷ್ಟು ಕಟ್ಟಿದರೆ ಸಾಕು. ಮೂರು ತಿಂಗಳಿಗೊಮ್ಮೆ ಕಟ್ಟುವುದು, ವರ್ಷಕ್ಕೊಂದು ರಿಟರ್ನ್. ಗ್ರಾಹಕರಿಂದ ಆ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ. ಅಂಗಡಿಗೊಂದು, ಮನೆಗೊಂದು ಬ್ಯಾಂಕ್ ಖಾತೆಯನ್ನು ಇಂದೇ ಬೇರೆ ಮಾಡಿ. ಈ ಎಲ್ಲ ತೊಂದರೆಯ ಮೂಲ ಒಂದೇ ಕ್ಯೂಆರ್ ಕೋಡಿಗೆ ಹಾಲಿನ ಹಣ, ಸಾಲದ ಹಣ, ಚೀಟಿಯ ಹಣ ಎಲ್ಲವೂ ಬಂದು ಸೇರಿದ್ದು.

ಪ್ರಶ್ನೆ: 11 ತಿಂಗಳ ಕರಾರಿನ ಮೇಲೆ ಅಂಗಡಿ ಮಳಿಗೆ ಬಾಡಿಗೆಗೆ ಹಿಡಿದಿದ್ದೆ. ಕರಾರು ಮುಗಿದು ಎರಡು ವರ್ಷವಾದರೂ ಬಾಡಿಗೆ ಕೊಡುತ್ತಾ ಬಂದಿದ್ದೇನೆ. ಮಾಲೀಕರು ಈ ತಿಂಗಳ ಕೊನೆಗೆ ಬೀಗ ಹಾಕುತ್ತೇನೆ ಎನ್ನುತ್ತಿದ್ದಾರೆ. (ಮೈಸೂರಿನ ಓದುಗರು)

ಉತ್ತರ: ಕರಾರು ಮುಗಿದ ಮೇಲೂ ಅವರು ಬಾಡಿಗೆ ಸ್ವೀಕರಿಸಿರುವುದರಿಂದ ನೀವು ತಿಂಗಳಿಂದ ತಿಂಗಳಿಗೆ ಮುಂದುವರಿಯುವ ಬಾಡಿಗೆದಾರರು. ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನಗಳ ಲಿಖಿತ ನೋಟಿಸ್ ಕೊಟ್ಟು, ನೀವು ಬಿಡದಿದ್ದರೆ ನ್ಯಾಯಾಲಯಕ್ಕೆ ಹೋಗುವುದು ಅವರ ದಾರಿ. ಬೀಗ ಹಾಕುವ ಅಧಿಕಾರ ಅವರಿಗಿಲ್ಲ. ಹಾಕಿದರೆ ಆರು ತಿಂಗಳೊಳಗೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಕಲಮಿನಡಿ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯಬಹುದು. ಆದರೆ ನಿಮ್ಮ ಮಳಿಗೆ 14 ಚದರ ಮೀಟರಿಗಿಂತ ದೊಡ್ಡದಾಗಿದ್ದರೆ ಬಾಡಿಗೆ ಕಾಯ್ದೆಯ ರಕ್ಷಣೆ ಸಿಗುವುದಿಲ್ಲ, ಇಂದಲ್ಲ ನಾಳೆ ಬಿಡಬೇಕಾಗುತ್ತದೆ. ಬಾಡಿಗೆಯನ್ನು ಬ್ಯಾಂಕಿನ ಮೂಲಕವೇ ಕಟ್ಟಿ, ಮುಂಗಡ ಹಣ ಎಷ್ಟಿದೆಯೆಂದು ಈಗಲೇ ಪತ್ರ ಬರೆದು ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ನಾನು ಮಸ್ಕತ್‌ನಲ್ಲಿ ಉದ್ಯೋಗದಲ್ಲಿದ್ದೇನೆ, ಪಾಸ್‌ಪೋರ್ಟ್ ಭಾರತದ್ದೇ. ಮೂಡಿಗೆರೆ ಕಡೆ ಮೂರು ಎಕರೆ ಕಾಫಿ ತೋಟ ಮಾರಾಟಕ್ಕಿದೆ. 2020ರ ನಂತರ ಯಾರು ಬೇಕಾದರೂ ಕೃಷಿ ಜಮೀನು ಕೊಳ್ಳಬಹುದು ಎಂದು ದಲ್ಲಾಳಿ ಹೇಳುತ್ತಾರೆ. ತೋಟ ಮಾರುವವರ ತಂದೆಗೆ 1979ರಲ್ಲಿ ದರಖಾಸ್ತಿನಲ್ಲಿ, ಅಂದರೆ ಅರ್ಜಿಯ ಮೇಲೆ ಸರ್ಕಾರದಿಂದ, ಮಂಜೂರಾದದ್ದಂತೆ. ಮುಂಗಡ ಕೊಡಬಹುದೇ?

ಉತ್ತರ: ಕೊಡಬೇಡಿ. ದಲ್ಲಾಳಿಯ ಮಾತು ಅರ್ಧ ನಿಜ. ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯು 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿದ್ದರಿಂದ, ಕೃಷಿಕರಲ್ಲದವರೂ, ಎಷ್ಟೇ ವರಮಾನ ಇರುವವರೂ ಕರ್ನಾಟಕದಲ್ಲಿ ಕೃಷಿ ಜಮೀನು ಕೊಳ್ಳಲು ಅವಕಾಶವಾಯಿತು. ಆದರೆ ಅನಿವಾಸಿ ಭಾರತೀಯರಿಗೆ ಕೇಂದ್ರದ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ ಅಡ್ಡ ಬರುತ್ತದೆ. ಅದರ ನಿಯಮಗಳಂತೆ ನೀವು ಮನೆ, ನಿವೇಶನ, ಮಳಿಗೆ ಕೊಳ್ಳಬಹುದು. ಕೃಷಿ ಜಮೀನು, ಪ್ಲಾಂಟೇಷನ್ ಮತ್ತು ತೋಟದ ಮನೆಯನ್ನು ಕೊಳ್ಳುವಂತಿಲ್ಲ. ತಂದೆತಾಯಿಯಿಂದ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ರಾಜ್ಯದ ತಿದ್ದುಪಡಿ ಈ ನಿರ್ಬಂಧವನ್ನು ತೆಗೆದಿಲ್ಲ. ಊರಿನಲ್ಲಿರುವ ತಮ್ಮನ ಹೆಸರಿಗೆ ಕ್ರಯ ಮಾಡಿಸಿ ಹಣ ನೀವು ಕೊಡುವ ಯೋಚನೆಯನ್ನೂ ಬರೆದಿದ್ದೀರಿ. ಅದು ಬೇನಾಮಿ ವ್ಯವಹಾರಗಳ ನಿಷೇಧ ಕಾಯ್ದೆಯ ಸುಳಿಗೆ ನಿಮ್ಮಿಬ್ಬರನ್ನೂ ಎಳೆಯುತ್ತದೆ. ನಾಳೆ ಆ ತಮ್ಮನೇ ತೋಟ ನಿಮ್ಮದಲ್ಲ ಎಂದರೆ ನ್ಯಾಯಾಲಯದ ಬಾಗಿಲೂ ನಿಮಗೆ ತೆರೆಯದು.

ನೀವು ಊರಿಗೆ ಮರಳಿ ನೆಲೆಸಿದ ಮೇಲೆ ಕೊಳ್ಳುವುದಾದರೂ ಈ ತೋಟದ ಬಗ್ಗೆ ಇನ್ನೊಂದು ಎಚ್ಚರಿಕೆ ಬೇಕು. ಮಂಜೂರಾದ ಜಮೀನು ಎಂದ ಕೂಡಲೇ ಮೂಲ ಮಂಜೂರಾತಿ ಆದೇಶ ಮತ್ತು ಸಾಗುವಳಿ ಚೀಟಿಯನ್ನು ಕೇಳಬೇಕು. ಮಂಜೂರಿ ಪಡೆದವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದರೆ ಅಂತಹ ಜಮೀನಿನ ಪರಭಾರೆಯನ್ನು ನಿಷೇಧಿಸುವ, 1979ರ ಜನವರಿ 1ರಿಂದ ಜಾರಿಯಲ್ಲಿರುವ ಪಿಟಿಸಿಎಲ್ ಕಾಯ್ದೆ ಅನ್ವಯವಾಗುತ್ತದೆ. ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೆ, ಜಮೀನು ಎಷ್ಟು ಕೈ ಬದಲಾಗಿದ್ದರೂ, ಉಪವಿಭಾಗಾಧಿಕಾರಿಗಳು ಅದನ್ನು ಮೂಲ ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ಮರಳಿಸಬಹುದು. ಬಹಳ ತಡವಾಗಿ ಬಂದ ಅರ್ಜಿಗಳನ್ನು ಪುರಸ್ಕರಿಸಬಾರದೆಂದು 2017ರಲ್ಲಿ ಸುಪ್ರೀಂ ಕೋರ್ಟ್ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಹೇಳಿದ ಮೇಲೆ ನೂರಾರು ದಲಿತ ಕುಟುಂಬಗಳು ಅರ್ಜಿ ವಜಾ ಆಗುವುದನ್ನು ಕಂಡು ಧರಣಿ ಕೂತವು. 2023ರ ತಿದ್ದುಪಡಿಯು ಕಾಲಮಿತಿಯ ತಡೆ ಇಲ್ಲವೆಂದು ಸೇರಿಸಿತು. ಕೊಳ್ಳುವವರು ಇದನ್ನು ಕಿರುಕುಳದ ಕಾನೂನು ಎಂದು ದೂರುವುದನ್ನು ಕೇಳಿದ್ದೇನೆ. ಮದುವೆಗೋ ಆಸ್ಪತ್ರೆಗೋ ತುರ್ತು ಬಂದಾಗ ನೂರು ಇನ್ನೂರು ರೂಪಾಯಿಗೆ ಭೂಮಿ ಬರೆದುಕೊಟ್ಟು, ಅದೇ ಹೊಲದಲ್ಲಿ ಕೂಲಿಗೆ ನಿಂತವರ ಮಕ್ಕಳನ್ನು ಭೇಟಿಯಾದವರು ಹಾಗೆ ಹೇಳಲಾರರು.

ಪ್ರಶ್ನೆ: ಉದ್ಯಮಬಾಗ್‌ನಲ್ಲಿ ನಮ್ಮದು ಸಣ್ಣ ಫೌಂಡ್ರಿ. ಬೇರೆ ರಾಜ್ಯದ ದೊಡ್ಡ ಕಂಪನಿಯೊಂದಕ್ಕೆ ಕಳುಹಿಸಿದ ಕಾಸ್ಟಿಂಗ್‌ನ 14 ಲಕ್ಷ ರೂಪಾಯಿ ಬಾಕಿ ಎಂಟು ತಿಂಗಳಿಂದ ಬಂದಿಲ್ಲ. ಖರೀದಿ ಆದೇಶದಲ್ಲಿ 90 ದಿನ ಎಂದಿತ್ತು. ಈಗ ಮಾಲಿನ ಗುಣಮಟ್ಟ ಸರಿಯಿಲ್ಲ ಎನ್ನುತ್ತಿದ್ದಾರೆ. ಅವರ ಊರಿಗೇ ಹೋಗಿ ದಾವೆ ಹೂಡಬೇಕೇ? (ಬೆಳಗಾವಿಯ ಓದುಗರು)

ಉತ್ತರ: ಬೇಕಾಗಿಲ್ಲ. ಮಾಲು ಕಳುಹಿಸುವ ಮೊದಲೇ ನಿಮ್ಮ ಘಟಕಕ್ಕೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳಿಗೆ ಸರ್ಕಾರದ ನೋಂದಣಿ) ಇದ್ದಿತು ಎಂದು ಬರೆದಿರುವುದು ಬಹಳ ಒಳ್ಳೆಯದಾಯಿತು. ಆಮೇಲೆ ಮಾಡಿಸಿದ್ದರೆ ಆ ವಿಷಯದಲ್ಲೇ ವಾದ ಏಳುತ್ತಿತ್ತು. ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ, 2006ರ 15ನೇ ಕಲಮಿನಂತೆ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ 45 ದಿನಗಳೊಳಗೆ ಹಣ ಕೊಡಲೇಬೇಕು. ಕರಾರಿನಲ್ಲಿ 90 ದಿನ ಎಂದಿದ್ದರೂ ನಡೆಯುವುದು 45 ದಿನವೇ. ಅದು ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ. ಬ್ಯಾಂಕ್ ದರ ಶೇ 6 ಇದ್ದರೆ ನಿಮಗೆ ಸಿಗುವುದು ಶೇ 18. ಗುಣಮಟ್ಟದ ತಕರಾರನ್ನು ಮಾಲು ತಲುಪಿದ 15 ದಿನದೊಳಗೆ ಬರವಣಿಗೆಯಲ್ಲಿ ತಿಳಿಸದಿದ್ದರೆ ಮಾಲನ್ನು ಒಪ್ಪಿದಂತೆಯೇ ಲೆಕ್ಕ. ಎಂಟು ತಿಂಗಳ ನಂತರದ ಮಾತಿಗೆ ಹೆಚ್ಚು ಬೆಲೆಯಿಲ್ಲ.

ಸಣ್ಣ ಘಟಕಗಳ ಬಾಕಿಯ ವಿವಾದಗಳನ್ನು ತೀರ್ಮಾನಿಸುವ ಸೌಲಭ್ಯ ಮಂಡಳಿಗೆ ಅರ್ಜಿ ಹಾಕಿ. ಮಾರಿದವರು ಇರುವ ರಾಜ್ಯದ ಮಂಡಳಿಗೇ ವಿಚಾರಣೆಯ ಅಧಿಕಾರವಿದೆ, ಕೊಂಡವರು ದೇಶದ ಯಾವ ಮೂಲೆಯಲ್ಲಿದ್ದರೂ ಸರಿಯೇ. ಮೊದಲು ರಾಜಿ ಸಂಧಾನ, ಒಮ್ಮತವಾಗದಿದ್ದರೆ ಮಧ್ಯಸ್ಥಿಕೆ. ತೀರ್ಪನ್ನು ಪ್ರಶ್ನಿಸಲು ಕಂಪನಿಯು ಶೇ 75ರಷ್ಟು ಹಣವನ್ನು ಮೊದಲು ಠೇವಣಿ ಇಡಬೇಕು. ಈ ಒಂದು ಷರತ್ತಿಗಾಗಿಯೇ ಎಷ್ಟೋ ಕಂಪನಿಗಳು ಸಂಧಾನದ ಹಂತದಲ್ಲಿ ಹಣ ಕೊಡುತ್ತವೆ. ಅರ್ಜಿ ಹಾಕುವ ಮೊದಲು ಅವರ ಲೆಕ್ಕಪತ್ರ ವಿಭಾಗಕ್ಕೆ ಒಂದು ಪತ್ರ ಬರೆಯಿರಿ. ಸಣ್ಣ ಘಟಕಗಳಿಗೆ ಗಡುವಿನೊಳಗೆ ಹಣ ಕೊಡದಿದ್ದರೆ ಆ ವರ್ಷ ಅದನ್ನು ಖರ್ಚೆಂದು ತೋರಿಸಿ ಆದಾಯ ತೆರಿಗೆಯಲ್ಲಿ ಕಳೆಯುವಂತಿಲ್ಲ ಎಂಬ ನಿಯಮ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದನ್ನು ನೆನಪಿಸಿದರೆ ನಿಮ್ಮ ಬಿಲ್ಲು ಮೇಜಿನ ಮೇಲಕ್ಕೆ ಬರಬಹುದು. ಯಾವ ಬಿಲ್ಲೂ ಮೂರು ವರ್ಷ ದಾಟದಂತೆ ನೋಡಿಕೊಳ್ಳಿ.

ಪ್ರಶ್ನೆ: ನಮ್ಮೂರಿನಲ್ಲಿ 86 ಎಕರೆ ಗೋಮಾಳವಿದೆ. ಸುಮಾರು 300 ದನಗಳಿವೆ, ಕುರಿ ಮೇಕೆ ಬೇರೆ. ಅದರಲ್ಲಿ ಅರ್ಧದಷ್ಟಕ್ಕೆ ಹೊರಗಿನವರು ಕಲ್ಲುಕಂಬ ನೆಟ್ಟು ತಂತಿ ಬಿಗಿದಿದ್ದಾರೆ. ಕೇಳಿದರೆ ಹೆಚ್ಚುವರಿ ಗೋಮಾಳ, ಮಂಜೂರಾಗಿದೆ ಎನ್ನುತ್ತಾರೆ. ಒಬ್ಬರ ಹೆಸರಿನಲ್ಲೂ ಇಲ್ಲದ ಜಮೀನಿಗಾಗಿ ನಾವು ಕುರಿಗಾಹಿಗಳು ಏನು ಮಾಡಬಹುದು? (ಚಿತ್ರದುರ್ಗ ಜಿಲ್ಲೆಯ ಓದುಗರು)

ಉತ್ತರ: ಗೋಮಾಳದ ಪಹಣಿಯಲ್ಲಿ ನಿಮ್ಮ ಹೆಸರು ಎಂದೂ ಇರುವುದಿಲ್ಲ, ಸರ್ಕಾರದ ಹೆಸರೇ ಇರುತ್ತದೆ. ಆದರೂ ಭೂಕಂದಾಯ ಕಾಯ್ದೆಯ 71ನೇ ಕಲಮಿನಂತೆ ಆ ಜಮೀನನ್ನು ಮೇವಿಗಾಗಿ ಕಾದಿರಿಸಲಾಗಿದೆ, ಆ ಉದ್ದೇಶಕ್ಕೆ ವಿರುದ್ಧವಾಗಿ ಬಳಸಲು ಜಿಲ್ಲಾಧಿಕಾರಿಗಳ ಆದೇಶ ಬೇಕು. ಎಷ್ಟು ಕಾದಿರಿಸಬೇಕು ಎಂಬುದಕ್ಕೆ 1966ರ ಭೂಕಂದಾಯ ನಿಯಮಗಳ 97ನೇ ನಿಯಮ ಅಳತೆ ಕೊಡುತ್ತದೆ: ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ. ನಿಮ್ಮ 300 ದನಗಳಿಗೇ 90 ಎಕರೆ ಬೇಕು, ಇರುವುದು 86. ‘ಹೆಚ್ಚುವರಿ’ ಎಂಬ ಮಾತಿಗೆ ಇಲ್ಲಿ ಆಧಾರವೇ ಇಲ್ಲ. ಪಶುಸಂಗೋಪನಾ ಇಲಾಖೆಯಿಂದ ನಿಮ್ಮ ಗ್ರಾಮದ ಜಾನುವಾರು ಗಣತಿಯ ಪ್ರತಿಯನ್ನು ಮಾಹಿತಿ ಹಕ್ಕಿನ ಅರ್ಜಿಯಲ್ಲಿ ಪಡೆಯುವುದರಿಂದ ಕೆಲಸ ಆರಂಭಿಸಿ. ಹಾಗೆಯೇ ಗ್ರಾಮ ನಕ್ಷೆ, ಆಕಾರ್‌ಬಂದ್ (ಸರ್ವೆ ನಂಬರುಗಳ ವಿಸ್ತೀರ್ಣ ಮತ್ತು ಕಂದಾಯದ ಪಟ್ಟಿ), ಆ ಸರ್ವೆ ನಂಬರಿನ ಹಳೆಯ ಕೈಬರಹದ ಪಹಣಿಗಳು, ಮತ್ತು ಮಂಜೂರಾಗಿದೆ ಎನ್ನುವುದಾದರೆ ಆ ಆದೇಶದ ನಕಲು. ಆದೇಶವೇ ಇಲ್ಲವೆಂದು ತಹಶೀಲ್ದಾರರು ಹಿಂಬರಹ ಕೊಟ್ಟರೆ ಅರ್ಧ ಕೆಲಸ ಮುಗಿದಂತೆ.

ದಾಖಲೆ ಕೈಗೆ ಬಂದ ಮೇಲೆ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ಗೋಮಾಳದ ಹದ್ದುಬಸ್ತು (ಗಡಿ ಗುರುತಿಸುವ) ಅಳತೆಗೆ ಮತ್ತು ಒತ್ತುವರಿ ತೆರವಿಗೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ಸರ್ಕಾರಿ ಜಮೀನಿನ ಒತ್ತುವರಿ ಭೂಕಂದಾಯ ಕಾಯ್ದೆಯ 192ಎ ಕಲಮಿನಂತೆ ಶಿಕ್ಷಾರ್ಹ ಅಪರಾಧ. ಅಲ್ಲಿ ಕಡತ ಮಲಗಿದರೆ ಬೆಂಗಳೂರಿನಲ್ಲಿರುವ ಭೂಕಬಳಿಕೆ ನಿಷೇಧ ವಿಶೇಷ ನ್ಯಾಯಾಲಯಕ್ಕೆ ನೀವೇ ದೂರು ಸಲ್ಲಿಸಬಹುದು. 2011ರ ಆ ಕಾಯ್ದೆಯಡಿ ಕಬಳಿಕೆಗೆ ಒಂದರಿಂದ ಮೂರು ವರ್ಷದ ಸೆರೆವಾಸವಿದೆ. ಗ್ರಾಮಗಳ ಸಾಮುದಾಯಿಕ ಜಮೀನಿನ ಒತ್ತುವರಿಯನ್ನು, ಅದು ಎಷ್ಟು ಹಳೆಯದಾದರೂ, ಎಷ್ಟು ಹಣ ಸುರಿದು ಕಟ್ಟಡ ಕಟ್ಟಿದ್ದರೂ ಸಕ್ರಮ ಮಾಡಬಾರದು, ತೆರವಿಗೆ ಎಲ್ಲ ರಾಜ್ಯಗಳೂ ಯೋಜನೆ ರೂಪಿಸಬೇಕು ಎಂದು 2011ರ ಜನವರಿ 28ರಂದು ಜಗ್‌ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು ಅರ್ಜಿಯಲ್ಲಿ ಉಲ್ಲೇಖಿಸಿ.

ಒಂದು ವಿನಂತಿ. ನಿಮ್ಮ ಪತ್ರದ ಕೊನೆಯಲ್ಲಿ, ಅದೇ ಗೋಮಾಳದ ಅಂಚಿನಲ್ಲಿ ಎರಡು ಬಡ ಕುಟುಂಬಗಳು ಮೂವತ್ತು ವರ್ಷದಿಂದ ತಲಾ ಒಂದೂವರೆ ಎಕರೆಯಲ್ಲಿ ರಾಗಿ ಬೆಳೆದುಕೊಂಡಿವೆ, ಅವರನ್ನೂ ಎಬ್ಬಿಸಬೇಕೇ ಎಂದು ಕೇಳಿದ್ದೀರಿ. ಅವರು ನಮೂನೆ 50, 53 ಅಥವಾ 57ರಲ್ಲಿ ಬಗರ್ ಹುಕುಂ ಅರ್ಜಿ, ಅಂದರೆ ಸರ್ಕಾರಿ ಜಮೀನಿನ ಅನಧಿಕೃತ ಸಾಗುವಳಿಯನ್ನು ಸಕ್ರಮ ಮಾಡಿಕೊಡಿ ಎಂಬ ಅರ್ಜಿ, ಹಾಕಿದ್ದರೆ ಅದು ತೀರ್ಮಾನವಾಗುವವರೆಗೆ ಅವರ ವಿಷಯ ಬೇರೆ ಕಡತದ್ದು. ಜಗ್‌ಪಾಲ್ ಸಿಂಗ್ ತೀರ್ಪು ಸಹ, ಭೂಹೀನ ಕೃಷಿಕಾರ್ಮಿಕರಿಗೆ ಮತ್ತು ಪರಿಶಿಷ್ಟರಿಗೆ ಸರ್ಕಾರದ ಆದೇಶದಂತೆ ಕೊಟ್ಟ ಜಮೀನನ್ನು ಪ್ರತ್ಯೇಕವಾಗಿ ನೋಡಿದೆ. ನಿಮ್ಮ ಅರ್ಜಿಯಲ್ಲಿ ‘ಒತ್ತುವರಿದಾರರೆಲ್ಲರೂ’ ಎಂದು ಬರೆದರೆ ಸರ್ವೆಯವರು ಮೊದಲು ಬಂದು ನಿಲ್ಲುವುದು ಆ ಎರಡು ಹೊಲಗಳಲ್ಲೇ, ಕಲ್ಲುಕಂಬದ ಬೇಲಿಯ ಬಳಿಯಲ್ಲಲ್ಲ. ಆದ್ದರಿಂದ ಬೇಲಿ ಹಾಕಿರುವ ಭಾಗದ ಚೆಕ್ಕುಬಂದಿಯನ್ನು ನಾಲ್ಕು ದಿಕ್ಕಿಗೂ ಬರೆದು, ಸುಮಾರು ವಿಸ್ತೀರ್ಣ ಮತ್ತು ಬೇಲಿ ಹಾಕಿದ ತಿಂಗಳನ್ನು ನಮೂದಿಸಿ, ಅಷ್ಟನ್ನು ಮಾತ್ರ ತೆರವು ಮಾಡಿಸಿಕೊಡಿ ಎಂದು ಕೇಳಿರಿ.